ಜಲಕೇತುವಿನ ಒಳಬದಿ

5 ನವೆಂಬರ್ 2024, ಮಂಗಳವಾರ

ಅಪ್ಪ ಇವತ್ತು ಊಟದ ಹೊತ್ತಿಗೆ ಸ್ಟುಡಿಯೋಗೇ ಬಂದುಬಿಟ್ಟ. ಬೇಸಿಗೆಯಲ್ಲಿ ಎಡಗಾಲು, ಎಡಗೈ ಸೋತು ಮೈಸೂರಿನ ಆಸ್ಪತ್ರೆಯಲ್ಲಿ ಮಲಗಿ ಬಂದಮೇಲೆ, ಮನೆಯಿಂದ ಊಟಿ ರಸ್ತೆಯವರೆಗೆ ಒಬ್ಬನೇ ನಡೆದದ್ದು ಇದೇ ಮೊದಲು. ಗಾಜಿನ ಬಾಗಿಲಿನ ಆಚೆ ಎಷ್ಟು ಹೊತ್ತಿನಿಂದ ನಿಂತಿದ್ದನೋ. ಪಾಸ್‌ಪೋರ್ಟ್ ಸೈಜ್ ಫೋಟೋಗೆಂದು ಬಂದ ಹುಡುಗಿ ಬಾಗಿಲು ತೆಗೆದ ಮೇಲೆ ಅವಳ ಹಿಂದೆಯೇ ಒಳಗೆ ಬಂದ. ಅಪ್ಪ ಬಾಗಿಲಿನ ಹಿಡಿ ಮುಟ್ಟುವುದಿಲ್ಲ. ಚಿಲಕವನ್ನೂ ಮುಟ್ಟುವುದಿಲ್ಲ. ಅವ್ವ ಇರುವವರೆಗೆ ಅವ್ವ ತೆಗೆಯುತ್ತಿದ್ದಳು, ಈಗ ನಾನು. ಚಿಕ್ಕಂದಿನಿಂದ ನೋಡಿದ್ದೇನೆ, ಆದರೂ ಗಿರಾಕಿಗಳ ಮುಂದೆ ನಾಚಿಕೆಯಾಗುತ್ತದೆ.

ನಾನು ಹಂಗಳ ಹಳ್ಳಿಯವರ ಮದುವೆ ಆಲ್ಬಮ್ಮಿನ ಕೆಲಸದಲ್ಲಿದ್ದೆ. ಹೋದ ವರ್ಷ ತೀರಿಕೊಂಡ ಮದುಮಗಳ ತಂದೆಯನ್ನು ಮನೆಯವರ ಗುಂಪಿನ ಫೋಟೋದೊಳಗೆ ನಿಲ್ಲಿಸಿಕೊಡಬೇಕಿತ್ತು. ಈ ಕೆಲಸದಲ್ಲಿ ಗುಂಡ್ಲುಪೇಟೆಯಲ್ಲಿ ನನ್ನನ್ನು ಬಿಟ್ಟರೆ ಇನ್ನೊಬ್ಬರಿಲ್ಲ. ನೆರಳು ಸರಿಯಾಗಿ ಬೀಳಿಸಿದರೆ ಸತ್ತವರೂ ಸಲೀಸಾಗಿ ನಿಂತುಕೊಳ್ಳುತ್ತಾರೆ.

ಅಪ್ಪ ಮೊಬೈಲು ಮುಂದೆ ಹಿಡಿದ. ಅವನ ಜೊತೆ ನೌಕಾಪಡೆಯಲ್ಲಿದ್ದವರ ಗುಂಪಿಗೆ ಯಾರೋ ಕಳಿಸಿದ ಚಿತ್ರ. ದಡದಲ್ಲಿ ನಿಲ್ಲಿಸಿದ ಬೂದು ಬಣ್ಣದ ಹಳೇ ಹಡಗು, ಅದರ ಮುಂದೆ ಮಕ್ಕಳು ಮರಿ.

"ಜಲಕೇತು ಕಣಮ್ಮಿ. ನಾವಿದ್ದ ಹಡಗು. ಮ್ಯೂಸಿಯಂ ಮಾಡವ್ರಂತೆ. ನೀ ಓಗಿ ಫೋಟೋ ತಕ್ಕಂಬಾ."

"ಫೋನಲ್ಲೇ ನೂರು ಫೋಟೋ ಸಿಕ್ತವೆ ಬಿಡಪ್ಪ."

"ಅವಲ್ಲ. ನಾ ಯೋಳ್ದಂಗೆ ತಗೀಬೇಕು."

ಮದುವೆ ಕಾಲ, ಆಗುವುದಿಲ್ಲ ಅಂದೆ. ಹನ್ನೊಂದು ವರ್ಷ ನೌಕಾಪಡೆಯಲ್ಲಿದ್ದವನು ನನಗೆ ಹೇಳಿರುವುದು ಎರಡೇ ಮಾತು. ಒಂದು, ಅಲ್ಲಿ ಬ್ರೆಡ್ಡು ಚೆನ್ನಾಗಿತ್ತು. ಇನ್ನೊಂದು, ಎಂಜಿನ್ ಕೋಣೆಯ ಶಾಖಕ್ಕೆ ಬೆವರೂ ಆರಿಹೋಗುತ್ತಿತ್ತು. ಈಗ ಇದ್ದಕ್ಕಿದ್ದಂತೆ ಹಡಗಿನ ಹುಚ್ಚು.

ವಾಪಸು ಹೋಗುವಾಗಲೂ ನಾನೇ ಎದ್ದು ಬಾಗಿಲು ತೆಗೆಯಬೇಕಾಯಿತು.

9 ನವೆಂಬರ್, ಶನಿವಾರ

ಔಷಧಿ ಚೀಟಿಯ ಹಿಂದೆ ಪಟ್ಟಿ ಬರೆದು ನನ್ನ ತಟ್ಟೆಯ ಪಕ್ಕ ಇಟ್ಟಿದ್ದ. ಒಟ್ಟು ಎಂಟು. ಹಡಗಿನ ಮುಂಭಾಗ, ಫಿರಂಗಿ, ಅಡುಗೆ ಕೋಣೆ, ಹೀಗೆ ಸಾಗಿ, ಏಳನೆಯದು 'ಎಂಜಿನ್ ಕೋಣೆ ಬಾಗಿಲು, ಹೊರಗಡೆ'. ಎಂಟನೆಯದು 'ಅದೇ ಬಾಗಿಲು, ಒಳಗಡೆ'. ಎಂಟರ ಕೆಳಗೆ ಮೂರು ಗೀಟು.

ಇದು ನಂಜುಂಡನ ವಿಷಯ ಎಂದು ಆಗ ಹೊಳೆಯಿತು. ನಂಜುಂಡ ಸಂತೆಮರಹಳ್ಳಿಯವನು, ಅಪ್ಪ ತೆರಕಣಾಂಬಿಯವನು. ಎಪ್ಪತ್ತೈದರಲ್ಲಿ ಇಬ್ಬರೂ ಒಟ್ಟಿಗೇ ನೌಕಾಪಡೆ ಸೇರಿದರು. ನಾಲ್ಕು ವರ್ಷಕ್ಕೆ ಹಡಗಿನಲ್ಲಿ ಬೆಂಕಿ ಬಿದ್ದು ನಂಜುಂಡ ಸತ್ತ. ಅವ್ವ ನನಗೆ ಹೇಳಿದ್ದು ಇಷ್ಟೇ. ಅಪ್ಪನನ್ನು ಕೇಳಬೇಡ ಎಂದೂ ಹೇಳಿದ್ದಳು.

ಇವತ್ತು ಕೇಳಿದೆ. ಅಪ್ಪ ಅನ್ನ ಕಲೆಸುತ್ತಲೇ ಹೇಳಿದ. ಜಲಕೇತುವಿಗೆ ಬಂದು ಹದಿನೆಂಟು ದಿನವಾಗಿತ್ತಂತೆ. ಬೆಳಿಗ್ಗೆ ಎಂಜಿನ್ ಕೋಣೆಯಲ್ಲಿ ಎಣ್ಣೆಗೆ ಬೆಂಕಿ ಹತ್ತಿತು. ಕೆಳಗಿದ್ದವರು ಮೇಲೆ ಓಡಿಬಂದರು, ನಂಜುಂಡ ಅವರಲ್ಲಿರಲಿಲ್ಲ. ಹಡಗಿನಲ್ಲಿ ನೂರಕ್ಕೂ ಹೆಚ್ಚು ಜನ. ಬಾಗಿಲು ಮುಚ್ಚು ಎಂದು ಮೇಲಿನವರು ಕೂಗಿದರು. ಬಾಗಿಲ ಹತ್ತಿರ ಇದ್ದವನು ಅಪ್ಪ. ಮುಚ್ಚಿದ. ಉದ್ದನೆಯ ಕಬ್ಬಿಣದ ಹಿಡಿಯನ್ನು ತಿರುಗಿಸಿ ಬಿಗಿ ಮಾಡಿದ.

"ಆಮ್ಯಾಲೆ ಆ ಹಿಡಿ ನನ್ ಕೈಯೊಳಗೆ ತಿರುಗ್ತು ಕಣಮ್ಮಿ. ಮೂರ್ ಸಲ. ನಾ ಬುಡ್ನಿಲ್ಲ."

"ಮೂರ್ ಸಲ ಅಂದ್ರೆ?"

"ಯಾರೋ ಆಕಡೆಯಿಂದ ತಿರುಗಿಸ್ದಂಗೆ. ಶಾಖಕ್ಕೆ ಕಬ್ಣ ಹಿಗ್ತದೆ, ಹಿಡಿ ಎಗರ್ತದೆ ಅಂದ್ರು. ನಾನೂ ಹಂಗೇ ಅಂದ್ಕೊಂಡೆ. ಆ ಬಾಗ್ಲ ಯಾವಾಗ್ಲೂ ತೆಗೆದು ಕೊಕ್ಕೆ ಹಾಕಿರೋರು. ಒಳಗಡೆ ಹಿಡಿ ಇತ್ತೋ ಇಲ್ವೋ ನಾನು ನೋಡ್ದೋನಲ್ಲ. ಆಮ್ಯಾಲೆ ನನ್ನ ಬ್ಯಾರೆ ಹಡಗಿಗೆ ಹಾಕುದ್ರು. ಒಂದಿನ ಇತ್ತು ಅನ್ನುಸ್ತದೆ, ಒಂದಿನ ಇರ್ನಿಲ್ಲ ಅನ್ನುಸ್ತದೆ. ಇರ್ನಿಲ್ಲ ಅಂದ್ರೆ ಅದು ಶಾಖ. ಇತ್ತು ಅಂದ್ರೆ…"

ಕಲೆಸಿದ ಅನ್ನವನ್ನು ಹಾಗೇ ಬಿಟ್ಟು ಎದ್ದ. ಬುಧವಾರ ಹೊರಡುತ್ತೇನೆ ಎಂದು ಹೇಳಿದೆ.

14 ನವೆಂಬರ್, ಗುರುವಾರ

ಕರಾವಳಿಯ ಬಸ್ಸಿನಲ್ಲೇ ಬೆಳಗಾಯಿತು. ಹತ್ತು ಗಂಟೆಗೆ ಮ್ಯೂಸಿಯಂ ಬಾಗಿಲು ತೆಗೆದಾಗ ನಾನೇ ಮೊದಲಿಗಳು. ಮೂರು ಹಡಗುಗಳಿವೆ. ಒಂದು ಸಬ್‌ಮೆರೀನು, ಒಂದು ಕ್ಷಿಪಣಿ ದೋಣಿ, ಆಮೇಲೆ ಜಲಕೇತು. ಮೊದಲು ಉಳಿದೆರಡನ್ನೇ ತೆಗೆದೆ. ಕೈ ಪಳಗಲಿ ಎಂದು ನನಗೆ ನಾನೇ ಹೇಳಿಕೊಂಡೆ. ಸಮುದ್ರದ ಬೆಳಕು ನಮ್ಮ ಕಡೆಯ ಬೆಳಕಿನಂತಲ್ಲ, ಎಲ್ಲ ಕಡೆಯಿಂದಲೂ ಬಂದು ನೆರಳನ್ನೇ ಉಳಿಸುವುದಿಲ್ಲ. ಬೂದು ಬಣ್ಣದ ಮೇಲೆ ಬೂದು ಬಣ್ಣ ಬಳಿದು ಬಳಿದು ಹಡಗಿನ ಮೈ ಆನೆಯ ಚರ್ಮದಂತಾಗಿದೆ.

ಜಲಕೇತುವಿನ ಗೈಡು ನೌಕಾಪಡೆಯಿಂದ ನಿವೃತ್ತನಾದ ಅಲ್ಲಿಯವನೇ. ಅಪ್ಪ ಇದೇ ಹಡಗಿನಲ್ಲಿದ್ದ ಎಂದಾಗ ಹಗ್ಗ ಕಟ್ಟಿ ಮುಚ್ಚಿದ್ದ ಮೆಟ್ಟಿಲನ್ನೂ ಬಿಟ್ಟುಕೊಟ್ಟ. ಕೆಳಗಿಳಿದಂತೆ ಎಣ್ಣೆಯ ವಾಸನೆ. ಹಡಗಿನೊಳಗೆ ನಲವತ್ತು ವರ್ಷದಿಂದ ಎಂಜಿನ್ ಓಡಿಲ್ಲ, ಆದರೂ ಎಣ್ಣೆಯ ವಾಸನೆ.

ಏಳನೆಯ ಫೋಟೋ ತೆಗೆದೆ. ಬಾಗಿಲು ನನ್ನ ಎತ್ತರವೇ ಇದೆ. ಹೊರಗಡೆ ಮೊಳದುದ್ದದ ಹಿಡಿ. ಆಮೇಲೆ ಹೊಸ್ತಿಲು ದಾಟಿ ಒಳಗೆ ಹೋಗಿ ತಿರುಗಿ ನೋಡಿದೆ.

ಒಳಗಡೆಯೂ ಹಿಡಿ ಇದೆ.

"ಇದು ಆಮೇಲೆ ಹಾಕಿದ್ದಾ ಸಾರ್?"

"ಇಲ್ಲ ಮಾರಾಯ್ರೆ, ಎಲ್ಲ ಹಳೇದೇ. ನೋಡಿ, ಎರಡೂ ಹಿಡಿ ಒಂದೇ ಸರಳಿಗೆ ಇರೋದು. ಈಚೆಯಿಂದ ತಿರುಗಿಸಿದರೂ ಆಚೆದು ತಿರುಗುತ್ತೆ. ನೀವು ಹೊರಗೆ ಹೋಗಿ, ತೋರಿಸ್ತೇನೆ."

ಹೊಸ್ತಿಲು ದಾಟಿ ಹೊರಬಂದು ಬೇಡ ಅನ್ನುವಷ್ಟರಲ್ಲಿ ಅವನು ಬಾಗಿಲು ಎಳೆದುಕೊಂಡ. ನಾನು ಹೊರಗಿನ ಹಿಡಿಯ ಮೇಲೆ ಕೈ ಇಟ್ಟಿದ್ದೆ. ಅದು ಅಲುಗಿತು. ಮೊದಲು ಸ್ವಲ್ಪ, ಆಮೇಲೆ ಜೋರಾಗಿ, ಬೆರಳುಗಳನ್ನು ಒಂದೊಂದಾಗಿ ಬಿಡಿಸುವಂತೆ. ನಾನು ಬಿಡಬೇಕಾಗಿತ್ತು. ಬಿಡಲಿಲ್ಲ. ಯಾಕೆ ಎಂದು ಗೊತ್ತಿಲ್ಲ, ಇನ್ನೂ ಬಿಗಿಯಾಗಿ ಹಿಡಿದುಕೊಂಡೆ. ಒಳಗಿನಿಂದ ಅವನ ದನಿ ಕೇಳಿಸಿತು, ಮಾತು ತಿಳಿಯಲಿಲ್ಲ.

ಹೊರಗೆ ಬಂದಮೇಲೆ ಅವನು ನಕ್ಕ. "ಎಂಥ ಗಟ್ಟಿ ಕೈ ನಿಮ್ಮದು!"

ಎಂಟನೆಯ ಫೋಟೋ ತೆಗೆದೆ. ಚೆನ್ನಾಗಿಯೇ ಬಂದಿದೆ.

17 ನವೆಂಬರ್, ಭಾನುವಾರ

ಅಳಿಸಿಬಿಟ್ಟೆ.

ಎರಡು ದಿನ ಅಪ್ಪನಿಗೆ ಕಂಪ್ಯೂಟರ್ ಕೆಟ್ಟಿದೆ ಎಂದು ಹೇಳಿದ್ದೆ. ಇವತ್ತು ಸ್ಟುಡಿಯೋ ಶಟರ್ ಅರ್ಧ ಎಳೆದುಕೊಂಡು ಕೂತೆ. ಹಿಡಿಯನ್ನು ತೆಗೆದು, ಅದು ಇದ್ದ ಜಾಗಕ್ಕೆ ಬಾಗಿಲಿನ ಬಣ್ಣವನ್ನೇ ತುಂಬಿದೆ. ಎರಡು ತಿರುಪುಮೊಳೆ, ಸ್ವಲ್ಪ ತುಕ್ಕಿನ ಕಲೆ ಸೇರಿಸಿದೆ. ಒಂದು ಗಂಟೆಯ ಕೆಲಸ. ಇಷ್ಟು ನಾಜೂಕಾಗಿ ಯಾರ ಮದುವೆಗೂ ಮಾಡಿಲ್ಲ. ಅಸಲಿ ಫೋಟೋ ಕಂಪ್ಯೂಟರಿನಲ್ಲಿ ಉಳಿಸಲಿಲ್ಲ, ಕ್ಯಾಮೆರಾದ ಕಾರ್ಡನ್ನೂ ಖಾಲಿ ಮಾಡಿದೆ. ಇಟ್ಟರೆ ತಾನೇ ನೋಡಬೇಕು ಅನ್ನಿಸುವುದು.

ಅಪ್ಪನಿಗೆ ಅರವತ್ತೊಂಬತ್ತು. ಇನ್ನೊಂದು ಸಲ ತಲೆಗೆ ರಕ್ತ ಏರಿದರೆ ಉಳಿಯುವುದು ಕಷ್ಟ ಎಂದು ಡಾಕ್ಟರು ಹೇಳಿದ್ದಾರೆ. ನಾನು ಮಾಡಿದ್ದು ಸರಿಯಾಗಿಯೇ ಇದೆ.

18 ನವೆಂಬರ್, ಸೋಮವಾರ

ಎಂಟೂ ಫೋಟೋ ದೊಡ್ಡದಾಗಿ ಪ್ರಿಂಟ್ ಹಾಕಿಸಿ ಕೊಟ್ಟೆ. ಅಪ್ಪ ಏಳನ್ನು ಪಕ್ಕಕ್ಕಿಟ್ಟು ಎಂಟನೆಯದನ್ನು ಬಿಸಿಲಿಗೆ ಹಿಡಿದ. ಬಹಳ ಹೊತ್ತು ನೋಡಿದ. ಬೆರಳಿನಿಂದ ಸವರಿದ.

"ಇಲ್ಲ," ಅಂದ.

"ಇಲ್ಲಪ್ಪ."

"ಶಾಖವೇಯಾ ಅದು."

"ಹೂಂ."

ಜಗಲಿಯ ಮೇಲೆ ಕೂತು ಅತ್ತ. ಅವ್ವ ಹೋದಾಗಲೂ ಹೀಗೆ ಅತ್ತಿರಲಿಲ್ಲ. ನಾನು ಒಳಗೆ ಹೋಗಿ ಕಾಫಿಗೆ ನೀರಿಟ್ಟೆ.

26 ನವೆಂಬರ್, ಮಂಗಳವಾರ

ಅಪ್ಪ ಚೆನ್ನಾಗಿದ್ದಾನೆ. ಎರಡು ಹೊತ್ತು ಹೊಟ್ಟೆ ತುಂಬ ಉಣ್ಣುತ್ತಾನೆ. ಬೆಳಿಗ್ಗೆ ನಾನು ಎದ್ದಾಗ ಮುಂಬಾಗಿಲು ತೆರೆದಿತ್ತು. ಅವನೇ ಚಿಲಕ ತೆಗೆದು ಹೊರಗೆ ಕೂತು ಪೇಪರು ಓದುತ್ತಿದ್ದ. ನನಗೆ ಬಹಳ ಸಂತೋಷವಾಯಿತು.

ನನ್ನ ಬಲಗೈ ಯಾಕೋ ನೋಯುತ್ತಿದೆ. ಕ್ಯಾಮೆರಾದ ಭಾರ ಇರಬೇಕು. ಮಧ್ಯಾಹ್ನ ಪವಿತ್ರ ಎನ್ನುವ ಹುಡುಗಿ ಅರ್ಜಿಗೆ ಫೋಟೋ ತೆಗೆಸಲು ಬಂದವಳು, "ಅಕ್ಕಾ, ಬಾಗ್ಲು ಬುಡಿ, ಒಳಿಕ್ ಬರ್ಬೇಕು" ಎಂದು ಗಾಜಿನ ಆಚೆಯಿಂದ ಕೂಗಿದಳು. ನಾನು ಒಳಗಿನಿಂದ ಹಿಡಿ ಹಿಡಿದುಕೊಂಡು ನಿಂತಿದ್ದೆನಂತೆ. ಏನೋ ಯೋಚನೆಯಲ್ಲಿದ್ದೆ.

ಹಂಗಳದ ಆಲ್ಬಮ್ ಇನ್ನೂ ಮುಗಿದಿಲ್ಲ. ಮದುಮಗಳ ತಂದೆಯನ್ನು ಎಲ್ಲಿ ನಿಲ್ಲಿಸಿದರೂ ನನ್ನ ಕಡೆಗೇ ನೋಡುತ್ತಾನೆ.

2 ಡಿಸೆಂಬರ್, ಸೋಮವಾರ

ಸಂತೆಮರಹಳ್ಳಿಗೆ ಹೋಗೋಣ ಎನ್ನುತ್ತಿದ್ದಾನೆ ಅಪ್ಪ. ಅಲ್ಲಿ ನಂಜುಂಡನ ತಂಗಿ ಮಂಚಮ್ಮ ಇದ್ದಾಳೆ. ನಂಜುಂಡನ ಪೆಟ್ಟಿಗೆ ಕೊಡಲು ಹೋದಾಗ ಅವಳನ್ನು ಕಂಡದ್ದು, ಆಮೇಲೆ ಆ ಊರಿನ ಬಸ್ಸನ್ನೂ ಹತ್ತಿಲ್ಲವಂತೆ.

"ಯಾಕಪ್ಪ ಈಗ ಅದೆಲ್ಲಾ?"

"ಬಾಗ್ಲು ಮುಚ್ಚಿದ್ದು ನಾನು ಅಂತ ಯೋಳ್ಬೇಕು. ಈಗ ಯೋಳ್ಬೋದು. ಫೋಟೋ ಅದೆ."

ಆ ಫೋಟೋ ತೆಗೆದುಕೊಂಡು ಹೋಗುತ್ತಾನೆ. ತಡೆಯಲು ಎಷ್ಟೋ ನೆವ ಹೇಳಿದೆ. ಕೊನೆಗೆ ಒಬ್ಬನೇ ಹೋಗುತ್ತೇನೆ ಅಂದ.

8 ಡಿಸೆಂಬರ್, ಭಾನುವಾರ

ಆದದ್ದನ್ನು ಆದ ಹಾಗೇ ಬರೆದಿಡುತ್ತೇನೆ.

ಚಾಮರಾಜನಗರದಲ್ಲಿ ಬಸ್ಸು ಬದಲಿಸಿ ಸಂತೆಮರಹಳ್ಳಿ ಮುಟ್ಟಿದಾಗ ಹನ್ನೊಂದು ಗಂಟೆ. ಮಂಚಮ್ಮ ಹಟ್ಟಿಯ ಮುಂದೆ ಮೊರ ಇಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದಳು. ಅರವತ್ತೈದರ ಹೆಂಗಸು, ಗಟ್ಟಿ ಮೈಕಟ್ಟು. ಅಪ್ಪನ ಹೆಸರು ಕೇಳಿ, "ಕುಂತ್ಕ ಸೋಮಣ್ಣ" ಎಂದು ಚಾಪೆ ಸರಿಸಿದಳು. ಸುಲಿಯುವುದನ್ನು ನಿಲ್ಲಿಸಲಿಲ್ಲ.

ಅಪ್ಪ ಎಲ್ಲವನ್ನೂ ಹೇಳಿದ. ಬೆಂಕಿ, ಕೂಗು, ಬಾಗಿಲು. ಹಿಡಿ ತಿರುಗಿದ್ದನ್ನೂ ಹೇಳಿದ. ಆಮೇಲೆ ಫೋಟೋ ಅವಳ ಮುಂದಿಟ್ಟ. "ನೋಡವ್ವ, ಒಳಗಡೆ ಹಿಡಿ ಇಲ್ಲ. ಅಂವ ಅಷ್ಟೊತ್ತಿಗೇ ಓಗ್ಬುಟ್ಟಿದ್ದ. ಅದು ಬರೀ ಶಾಖ."

ಮಂಚಮ್ಮ ಸೆರಗಿಗೆ ಕೈ ಒರೆಸಿಕೊಂಡು ಫೋಟೋ ತೆಗೆದುಕೊಂಡಳು. ನನ್ನ ಕಡೆ ತಿರುಗಿದಳು.

"ನೀನಾ ತಗದಿದ್ದು?"

"ಹೂಂ."

"ಅದ್ರೊಳಕ ಓಗಿದ್ದಾ? ನಮ್ಮಣ್ಣ ಇದ್ದ ಜಾಗ್ಕ?"

"ಹೂಂ."

"ಒಳಗ ಹೆಂಗದ ಮಗ? ನಂಗ ಯಾರೂ ಯೋಳ್ನಿಲ್ಲ."

ಆ ಬಾಗಿಲು ಕಿರಿದು, ಒಳಗೆ ಎಣ್ಣೆಯ ವಾಸನೆ, ಎಂದು ಶುರುಮಾಡಿದೆ. ಅವಳು ಬಾಗಿ ಕೇಳುತ್ತಿದ್ದಳು, ಒಂದು ಮಾತೂ ತಪ್ಪಿಹೋಗಬಾರದು ಅನ್ನುವಂತೆ. ನನ್ನ ಬಲಗೈ ತಾನಾಗಿ ಮುಷ್ಟಿ ಕಟ್ಟಿತ್ತು.

"ಹಿಡಿ ಇತ್ತು," ಅಂದೆ. "ಒಳಗಡೆನೂ ಇತ್ತು. ನಾನು ಅಳಿಸಿದೆ."

ಅಪ್ಪ ನನ್ನನ್ನು ನೋಡಿದ. ಫೋಟೋ ನೋಡಿದ. ಬೈಯುತ್ತಾನೆ ಅಂದುಕೊಂಡೆ. ಬಿದ್ದುಬಿಡುತ್ತಾನೆ ಅಂದುಕೊಂಡೆ. ಚಾಪೆಯ ಅಂಚು ಹಿಡಿದುಕೊಂಡು ಕೂತೇ ಇದ್ದ.

"ಹಂಗಾರ ಅಂವ್ನೇ," ಅಂದ. ಆಮೇಲೆ ಮಂಚಮ್ಮನಿಗೆ, "ನಿಮ್ಮಣ್ಣ ತೆಗಿಯಾಕ್ ನೋಡ್ದ ಕಣವ್ವ. ನಾ ಬುಡ್ನಿಲ್ಲ."

ಮಂಚಮ್ಮ ಮೊರ ಪಕ್ಕಕ್ಕೆ ಸರಿಸಿ ಹತ್ತಿರ ಬಂದು ಅಪ್ಪನ ಬಲಗೈ ಮಣಿಕಟ್ಟನ್ನು ಹಿಡಿದಳು.

"ಎಷ್ಟ್ ಬಲವಾಗಿ ತಿರುಗಿಸ್ದ? ನಾ ತಿರುಗಿಸ್ತೀನಿ, ನೀ ಬುಡ್ಬೇಡ." ತಿರುಗಿಸಿದಳು. "ಇಷ್ಟಾ?"

"ಇನ್ನೂ ಬಲ."

"ಇಷ್ಟಾ?"

"ಇನ್ನೂ."

ಎರಡೂ ಕೈ ಹಾಕಿ ತಿರುಗಿಸಿದಳು. ಅಪ್ಪನ ಮೈಯೆಲ್ಲ ವಾಲಿತು. ಬಿಡಿಸಲು ನಾನು ಎದ್ದೆ, ಅಪ್ಪ ಬೇಡ ಎಂದು ತಲೆಯಾಡಿಸಿದ.

"ಇನ್ನೂ ಬಲ ಕಣವ್ವ," ಅಂದ. ಅಳುತ್ತಿದ್ದ.

ಅವಳು ಕೈಬಿಟ್ಟಳು. ಏದುಸಿರು ಬಿಡುತ್ತಿದ್ದಳು. "ಹೊಗ ಕುಡ್ದು ಮಲಗ್ದಂಗೇ ಓಗ್ಬುಟ್ಟ ಅಂತ ನಮ್ಮವ್ವಂಗ ಯೋಳಿದ್ರು. ನಮ್ಮವ್ವ ಸಾಯೋಗಂಟ ಅದನ್ನೇ ನಂಬ್ಕಂಡಿದ್ಲು. ಅಂವ ಮಲಗಾ ಆಳಲ್ಲ ಅಂತ ನಂಗ್ ಗೊತ್ತಿತ್ತು." ಮೊರವನ್ನು ಮತ್ತೆ ಎಳೆದುಕೊಂಡಳು. "ಓಗಿ ಈಗ. ಇಬ್ರೂ ಓಗಿ."

ಬಸ್ಸಿನಲ್ಲಿ ಅಪ್ಪ ಕಿಟಕಿಯ ಪಕ್ಕ ಕೂತ. ತೆರಕಣಾಂಬಿ ದಾಟಿದ ಮೇಲೆ ಒಂದೇ ಮಾತು ಕೇಳಿದ. "ನಿಂಗೂ ಅದು ಕೈಗ್ ತಾಕ್ತಾ?"

"ತಾಕ್ತು," ಅಂದೆ.

ನನ್ನ ಕೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡ. ಗುಂಡ್ಲುಪೇಟೆ ಬರುವವರೆಗೂ ಬಿಡಲಿಲ್ಲ.

11 ಡಿಸೆಂಬರ್, ಬುಧವಾರ

ಅಪ್ಪ ಮಲಗಿಯೇ ಇದ್ದಾನೆ. ಗಂಜಿ ಕುಡಿದ.

19 ಡಿಸೆಂಬರ್, ಗುರುವಾರ

ಹಂಗಳದವರು ಆಲ್ಬಮ್ ಕೇಳಿಕೊಂಡು ಬಂದರು. ತಂದೆಯನ್ನು ಸೇರಿಸಿಲ್ಲ, ಇದ್ದವರು ಇದ್ದ ಹಾಗೇ ಇದ್ದಾರೆ, ಮುಂಗಡ ವಾಪಸು ಕೊಡುತ್ತೇನೆ ಎಂದು ಹೇಳಿದೆ. ಮದುಮಗಳು ಪ್ರಿಯಾಂಕ ಮುಖ ಸಣ್ಣದು ಮಾಡಿಕೊಂಡಳು. ಆಮೇಲೆ ಪುಟ ತಿರುವುತ್ತಾ ಒಂದು ಕಡೆ ನಿಂತಳು. ಗುಂಪಿನಲ್ಲಿ ಅವಳ ಅವ್ವನ ಪಕ್ಕ ಒಬ್ಬರು ನಿಲ್ಲುವಷ್ಟು ಜಾಗ ಖಾಲಿ ಇತ್ತು. ನಾನು ಅದನ್ನು ಮೊದಲು ಗಮನಿಸಿಯೇ ಇರಲಿಲ್ಲ. ಆಲ್ಬಮ್ ಹಾಗೇ ತೆಗೆದುಕೊಂಡು ಹೋದಳು.

ಸಂಜೆ ಫೋನು, ಫೋಟೋದ ಹಿಂದಿನ ಸ್ಟುಡಿಯೋ ಮೊಹರಿನಲ್ಲಿದ್ದ ನಂಬರಿಗೆ. ಮಂಚಮ್ಮ.

"ಆ ಸುಳ್ ಪಟವ ಒಲೆಗ ಹಾಕ್ಬುಟ್ಟೆ. ಹಿಡಿ ಇರಾದ ಕೊಡು."

"ಅದನ್ನ ಅಳಿಸಿಬಿಟ್ಟೆ ದೊಡ್ಡವ್ವ. ನನ್ನ ಹತ್ರ ಇಲ್ಲ."

"ಹಡಗು ಅಲ್ಲೇ ಅದಲ್ಲ?"

"ಅಲ್ಲೇ ಇದೆ."

"ಹಂಗಾರ ಕರ್ಕಂಡೋಗು. ನಾನೇ ನೋಡ್ತೀನಿ." ಫೋನಿಡುವ ಮೊದಲು, "ನಿಮ್ಮಪ್ಪನೂ ಬರ್ಲಿ," ಅಂದಳು.

ಅಪ್ಪನಿಗೆ ಹೇಳಿದೆ. ಎದ್ದು ಕೂತು, ತನ್ನ ಕಪ್ಪು ಬೂಟು ಎಲ್ಲಿದೆ ಎಂದು ಕೇಳಿದ.

4 ಜನವರಿ 2025, ಶನಿವಾರ

ಅಪ್ಪನಿಗೆ ಹಡಗಿನ ಏಣಿ ಹತ್ತಲಾಗಲಿಲ್ಲ. ನಾಲ್ಕು ಮೆಟ್ಟಿಲು ಹತ್ತಿದ, ಎಡಗಾಲು ಮೇಲೇಳಲಿಲ್ಲ. ಕೆಳಗೆ, ಸಮುದ್ರದ ಕಡೆ ಮುಖ ಮಾಡಿದ ಕಲ್ಲುಬೆಂಚಿನ ಮೇಲೆ ಕೂರಿಸಿ ನಾವಿಬ್ಬರೇ ಹೋದೆವು. ಮಂಚಮ್ಮ ಸಮುದ್ರವನ್ನು ನೋಡಿದ್ದು ಇವತ್ತೇ.

ಎಂಜಿನ್ ಕೋಣೆಯಲ್ಲಿ ಅವಳು ಪ್ರತಿಯೊಂದು ಪೈಪನ್ನೂ ಮುಟ್ಟಿ ನೋಡಿದಳು. ಬಾಗಿಲ ಮುಂದೆ ನಿಂತು ಹಿಡಿಯ ಮೇಲೆ ಅಂಗೈ ಇಟ್ಟಳು. ಮುಚ್ಚಿ ತೋರಿಸಲಾ ಎಂದು ಗೈಡು ಕೇಳಿದ.

"ಬ್ಯಾಡ," ಅಂದಳು.

ಅವಳ ಕೈ ಹಿಡಿಯ ಮೇಲಿದ್ದ ಹಾಗೇ ಒಂದು ಫೋಟೋ ತೆಗೆದೆ. ಬೆಳಕು ಕಡಿಮೆ ಇತ್ತು, ಸ್ವಲ್ಪ ಅಲುಗಿದೆ. ಇರಲಿ. ಬಾಗಿಲ ಆಚೆ ಯಾರೋ ಇದ್ದಾರೆ ಅನ್ನಿಸಿ ಎರಡು ಸಲ ತಿರುಗಿ ನೋಡಿದೆ. ಭಯವೇನೂ ಆಗಲಿಲ್ಲ.

ಕೆಳಗಿಳಿದು ಬಂದು ಮಂಚಮ್ಮ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಳು. ಅಪ್ಪ ತಲೆ ಎತ್ತಲಿಲ್ಲ. "ಕಂಡ್ಯಾ?" ಅಂದ.

"ಕಂಡೆ."

"ನನ್ನ ಏನಾರ ಅನ್ನವ್ವ. ಬೈದ್ಬುಡು."

"ಬೈದ್ರ ಬತ್ತನಾ ಅಂವ?" ಸ್ವಲ್ಪ ಹೊತ್ತು ನೀರನ್ನು ನೋಡಿದಳು. "ಬಾಗ್ಲು ಮುಚ್ಚಿದ್ದ ಕೇಳಾಯ್ತು ಸೋಮಣ್ಣ. ಅದು ಇರ್ತದ, ಎಲ್ಲೂ ಓಗಲ್ಲ. ನಮ್ಮಣ್ಣ ಮನೆ ಬುಟ್ಟಾಗ ನಂಗ ಹದಿನಾರು. ಅಲ್ಲಿಂದ ನಾಕೊರ್ಸ ಅಂವ ನಿನ್ ಜೊತೇಲಿದ್ದ. ಏನ್ ಉಣ್ತಿದ್ದ, ಏನ್ ಮಾತಾಡ್ತಿದ್ದ, ಯಾರ್ ಕೂಡ ಜಗಳಾಡ್ತಿದ್ದ, ನಂಗೇನೂ ಗೊತ್ತಿಲ್ಲ. ಅದ ಯೋಳು."

ಅಪ್ಪ ಅವಳನ್ನೇ ನೋಡಿದ. "ಎಲ್ಲಿಂದ ಯೋಳ್ಲಿ?"

"ರೈಲ್ ಹತ್ತಿದ್ ದಿವ್ಸದಿಂದ."

ಅಪ್ಪ ಶುರುಮಾಡಿದ. "ಚಾಮರಾಜನಗರದ ಟೇಸನ್ನಲ್ಲಿ ಅವತ್ತು ನಂಗಿಂತ ಮೊದ್ಲೇ ಬಂದು ನಿಂತಿದ್ದ. ಕೈಲೊಂದು ಬಟ್ಟೆ ಗಂಟು. ಅದ್ರೊಳಗೆ ರೊಟ್ಟಿ…"

"ರೊಟ್ಟಿ ಅಲ್ಲ, ಕಜ್ಜಾಯ. ನಾನೇ ಕಟ್ಟಿದ್ದು."

"ಹೂಂ, ಕಜ್ಜಾಯ. ನಂಜನಗೂಡು ದಾಟೋಗಂಟ ನಂಗೆ ಒಂದೂ ಕೊಡ್ನಿಲ್ಲ ಕಣವ್ವ ನಿಮ್ಮಣ್ಣ."

ಮಂಚಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯಲಿಲ್ಲ. ಆಮೇಲೆ, ಅದಾದ ಮೇಲೆ ಏನಾಯಿತು ಎಂದು ಕೇಳಿದಳು. ಅಪ್ಪ ಹೇಳುತ್ತಲೇ ಹೋದ. ಅವನು ಇಷ್ಟು ಮಾತಾಡಬಲ್ಲ ಎಂದು ನನಗೆ ಗೊತ್ತೇ ಇರಲಿಲ್ಲ. ನಾನು ಕ್ಯಾಮೆರಾ ಚೀಲದೊಳಗಿಟ್ಟು ಅವರ ಮುಂದೆ ನೆಲದ ಮೇಲೆ ಕೂತು ಕೇಳಿದೆ.

ಐದು ಗಂಟೆಗೆ ಕಾವಲಿನವನು ಎಲ್ಲರೂ ಹೊರಡಿ ಎಂದು ಸೀಟಿ ಊದಿದಾಗ, ಅವರ ರೈಲು ಇನ್ನೂ ಮೈಸೂರನ್ನೇ ಬಿಟ್ಟಿರಲಿಲ್ಲ.